ಗುಪ್ತಚರ ಸಂಸ್ಥೆಗಳ ಉತ್ತರದಾಯಿತ್ವ ಮತ್ತು ಪತ್ರಿಕೆ: ದೂರವಾಣಿ ಕದ್ದಾಲಿಕೆಯ ನಿದರ್ಶನ

ಭಾರತದ ಪ್ರಮುಖ ಗುಪ್ತಚರ ಸಂಸ್ಥೆಗಳು ಸಂಸತ್ತಿನ ಶಾಸನದಿಂದ ಹುಟ್ಟಿದವಲ್ಲ. 1887ರಲ್ಲಿ ವಸಾಹತು ಆಡಳಿತದಡಿ ಮೂಲ ಪಡೆದ ಗುಪ್ತಚರ ದಳವಾಗಲಿ, 1968ರಲ್ಲಿ ರಚನೆಗೊಂಡ ‘ರಾ’ ಆಗಲಿ ಕಾರ್ಯಾಂಗದ ಆದೇಶದ ಬಲದಿಂದಲೇ ನಡೆಯುತ್ತವೆ. ಇವುಗಳ ಕಾರ್ಯವನ್ನು ಪರಿಶೀಲಿಸಲೆಂದೇ ನೇಮಕವಾದ ಸಂಸದೀಯ ಸಮಿತಿಯಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮವೂ ಭ್ರಷ್ಟಾಚಾರ ಹಾಗೂ ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ, ತನ್ನ 24ನೆಯ ಕಲಮಿನ ಮೂಲಕ ಇವನ್ನು ಹೊರಗಿರಿಸಿದೆ. ಹೀಗಿರುವಾಗ ಪತ್ರಿಕೆ ಎಷ್ಟು ದೂರ ಸಾಗಬಲ್ಲದು, ಎಲ್ಲಿ ತಡೆಯಲ್ಪಡುತ್ತದೆ ಎಂಬುದನ್ನು ದೂರವಾಣಿ ಕದ್ದಾಲಿಕೆಯ ಇತಿಹಾಸ ಸ್ಪಷ್ಟಪಡಿಸುತ್ತದೆ.

ಕದ್ದಾಲಿಕೆಯ ರಾಜಕೀಯ ಪರಿಣಾಮವನ್ನು ಕರ್ನಾಟಕ ಮೊದಲೇ ಕಂಡಿತ್ತು. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಈ ಆರೋಪದ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಿದರು. ಪದವಿಯಲ್ಲಿದ್ದವರು ಬದಲಾದರೇ ಹೊರತು ಕದ್ದಾಲಿಕೆಯ ಕಾರ್ಯವಿಧಾನ ಬದಲಾಗಲಿಲ್ಲ.

ಆ ಪ್ರಶ್ನೆಯನ್ನು ನ್ಯಾಯಾಲಯದ ಬಾಗಿಲಿಗೆ ತಂದದ್ದು ದೆಹಲಿಯ ‘ಮೇನ್‌ಸ್ಟ್ರೀಮ್’ ಪತ್ರಿಕೆ. ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯನ್ನು ಕುರಿತ ಸಿಬಿಐ ವರದಿಯನ್ನು ಅದು 1991ರಲ್ಲಿ ಪ್ರಕಟಿಸಿತು. ನಾಲ್ಕು ದೂರವಾಣಿಗಳಿಗೆ ಸಂಬಂಧಿಸಿದ ಅನುಮತಿ ಪತ್ರಗಳೇ ಲಭ್ಯವಿರಲಿಲ್ಲ. 133 ಪ್ರಸಂಗಗಳಲ್ಲಿ ಅನುಮತಿಯ ಅವಧಿ ಮೀರಿದ ಮೇಲೂ ಕದ್ದಾಲಿಕೆ ಮುಂದುವರಿದಿತ್ತು. 111 ಪ್ರಸಂಗಗಳಲ್ಲಿ ಅದು ಸರ್ಕಾರದ ಒಪ್ಪಿಗೆಯಿಲ್ಲದೆ 180 ದಿನಗಳನ್ನೂ ದಾಟಿತ್ತು. ಈ ಅಂಕಿಗಳಲ್ಲಿ ರಾಷ್ಟ್ರರಕ್ಷಣೆಯ ಗುಟ್ಟು ಒಂದೂ ಇಲ್ಲವೆಂಬುದು ಗಮನಾರ್ಹ. ಗೋಪ್ಯತೆಯ ಹೆಸರಿನಲ್ಲಿ ಮರೆಯಾಗಿದ್ದುದು ಬಹುಮಟ್ಟಿಗೆ ಕಡತ ನಿರ್ವಹಣೆಯ ಅವ್ಯವಸ್ಥೆ.

ಈ ಪ್ರಕಟಣೆಯನ್ನು ಆಧರಿಸಿ ಪಿಯುಸಿಎಲ್ ಸಂಘಟನೆ ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. 1996ರ ಡಿಸೆಂಬರ್ 18ರ ತೀರ್ಪು ದೂರವಾಣಿ ಸಂಭಾಷಣೆಯನ್ನು ಸಂವಿಧಾನದ 21ನೆಯ ವಿಧಿಯ ರಕ್ಷಣೆಗೆ ಒಳಪಡಿಸಿತು. 1885ರ ಟೆಲಿಗ್ರಾಫ್ ಕಾಯಿದೆ ಕದ್ದಾಲಿಕೆಗೆ ಅಧಿಕಾರ ನೀಡಿದ್ದರೂ ಅದರ ಬಳಕೆಗೆ ಸೂಕ್ತ ನಿಯಮಗಳಿರಲಿಲ್ಲ. ಗೃಹ ಕಾರ್ಯದರ್ಶಿಯ ಆದೇಶ, ಎರಡು ತಿಂಗಳ ಅವಧಿ, ಒಟ್ಟು ಆರು ತಿಂಗಳ ಮಿತಿ, ಪರಿಶೀಲನಾ ಸಮಿತಿ ಇವೆಲ್ಲ ಈ ತೀರ್ಪಿನ ಫಲ. ಮುಂದೆ ಇವು ನಿಯಮಾವಳಿಯಲ್ಲಿ 419-ಎ ಆಗಿ ಸೇರಿದವು.

ತೀರ್ಪಿನ ಮಿತಿಯೂ ಇಲ್ಲಿಯೇ ಇದೆ. ನ್ಯಾಯಾಂಗದ ಪೂರ್ವಾನುಮತಿ ಬೇಕೆಂಬ ವಾದವನ್ನು ಪೀಠ ಒಪ್ಪಲಿಲ್ಲ. ಪರಿಶೀಲನಾ ಸಮಿತಿಯಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಮೊದಲಾದವರಷ್ಟೇ ಇದ್ದರು, ಹೊರಗಿನವರೊಬ್ಬರೂ ಇರಲಿಲ್ಲ. ಪತ್ರಿಕೆ ಬಯಲಿಗಿಟ್ಟ ದೋಷವನ್ನು ತಿದ್ದುವ ಹೊಣೆ ಮರಳಿ ಕಾರ್ಯಾಂಗಕ್ಕೇ ಸೇರಿತು.

ಪೆಗಾಸಸ್ ಕುತಂತ್ರಾಂಶದ ವರದಿಗಳು 2021ರ ಜುಲೈನಲ್ಲಿ ಪ್ರಕಟವಾದಾಗಲೂ ಇದೇ ಹಾದಿ ಕಂಡುಬಂತು. ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯ ಸಮಿತಿ 29 ದೂರವಾಣಿಗಳನ್ನು ಪರೀಕ್ಷಿಸಿ ಐದರಲ್ಲಿ ಕುತಂತ್ರಾಂಶವನ್ನು ಕಂಡಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ತನಿಖೆಗೆ ಸಹಕರಿಸಲಿಲ್ಲವೆಂದು ಸಮಿತಿ ಹೇಳಿರುವುದನ್ನು ಸರ್ವೋಚ್ಚ ನ್ಯಾಯಾಲಯ 2022ರ ಆಗಸ್ಟ್‌ನಲ್ಲಿ ತೆರೆದ ಕಲಾಪದಲ್ಲಿ ತಿಳಿಸಿತು. ವರದಿ ಮೊಹರು ಹಾಕಿದ ಲಕೋಟೆಗೆ ಮರಳಿತು.