ಅವಳ ಗಳಿಕೆ, ಮನೆಯ ಲೆಕ್ಕ

2013-14ರ ಆರನೇ ಆರ್ಥಿಕ ಗಣತಿಯ ಹೊತ್ತಿಗೆ ದೇಶದಲ್ಲಿ ಮಹಿಳೆಯರ ಒಡೆತನದ ಉದ್ದಿಮೆಗಳು ಸುಮಾರು 80 ಲಕ್ಷವಿದ್ದವು. ಒಟ್ಟು ಉದ್ದಿಮೆಗಳಲ್ಲಿ ಶೇ 14ರಷ್ಟು. ಅವುಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಕಡೆ ಸಂಬಳದ ಆಳು ಒಬ್ಬರೂ ಇರಲಿಲ್ಲ. ಹೆಣ್ಣುಮಕ್ಕಳ ವ್ಯಾಪಾರ ಹೀಗೆ ಚಿಕ್ಕದಾಗಿಯೇ ಉಳಿಯುವುದಕ್ಕೆ ತರಬೇತಿ ಸಾಲದು, ಸಾಲ ಸಿಗದು, ಧೈರ್ಯವಿಲ್ಲ ಎಂಬ ಕಾರಣಗಳನ್ನು ಕೊಡುವುದು ರೂಢಿ. ಸರ್ಕಾರದ ಯೋಜನೆಗಳೂ ಬಹುಪಾಲು ಇವನ್ನೇ ನಂಬಿಕೊಂಡಿವೆ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಕಾರಣ ಮನೆಯೊಳಗಿದೆ. ಅವಳ ಹೊತ್ತು, ಅವಳ ಹಣ ಎಲ್ಲಿಗೆ ಹೋಗಬೇಕೆಂದು ನಿರ್ಧಾರವಾಗುವುದು ಅಲ್ಲಿ.

2024ರ ಸಮಯ ಬಳಕೆ ಸಮೀಕ್ಷೆ ಹೇಳುವಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಈ ನಿಮಿಷಗಳು ದಿನದ ಯಾವ ಹೊತ್ತಿನವು ಎಂಬುದು ಇನ್ನೂ ಮುಖ್ಯ. ಉತ್ತರ ಕರ್ನಾಟಕದ ರೊಟ್ಟಿ ವ್ಯಾಪಾರವನ್ನೇ ನೋಡಿ. ಖಾನಾವಳಿಗೆ ರೊಟ್ಟಿ ಕೊಡುವವಳು ನಸುಕಿನಲ್ಲೇ ಎಸರಿಟ್ಟು, ಹಿಟ್ಟು ನಾದಿ, ಬಡಿಯಲು ಕೂರಬೇಕು. ನಾದಿದ ಹಿಟ್ಟು ಆರಿದರೆ ಜಿಗುಟು ಹೋಗಿ ರೊಟ್ಟಿಯ ಅಂಚು ಬಿರಿಯುತ್ತದೆ. ಮಕ್ಕಳ ಡಬ್ಬಿ, ಅತ್ತೆಯ ಚಹಾ, ನಳದ ನೀರು ಎಲ್ಲವೂ ಅದೇ ಹೊತ್ತಿಗೆ. ಒಲೆಯ ಮುಂದಿನಿಂದ ಮತ್ತೆ ಮತ್ತೆ ಏಳುವವಳು ಇನ್ನೊಂದು ಖಾನಾವಳಿಯ ಆರ್ಡರ್ ಹಿಡಿಯಲಾರಳು. ಅಡ್ಡಿಯಿಲ್ಲದ ಬೆಳಗಿನ ಎರಡು ಗಂಟೆ ಯಾವ ಬ್ಯಾಂಕಿನಲ್ಲೂ ಸಿಗುವುದಿಲ್ಲ. ಅದನ್ನು ಮನೆಯವರೇ ಕೊಡಬೇಕು.

ಹಣದ ಕಥೆ ಇನ್ನೂ ಸ್ಪಷ್ಟ. ಶ್ರೀಲಂಕಾದಲ್ಲಿ ಸಣ್ಣ ಉದ್ದಿಮೆದಾರರಿಗೆ ಮರುಪಾವತಿ ಬೇಡದ ಬಂಡವಾಳ ಕೊಟ್ಟು ನೋಡಿದಾಗ ಗಂಡಸರ ಲಾಭ ಏರಿತು, ಹೆಂಗಸರದು ಏರಲಿಲ್ಲ. ಹೆಂಗಸರಿಗೆ ವ್ಯಾಪಾರದ ಚಾಕಚಕ್ಯತೆ ಕಡಿಮೆ ಎಂದು ಇದರಿಂದ ತೀರ್ಮಾನಿಸುವುದು ಸುಲಭವಿತ್ತು. ಆದರೆ ಭಾರತ ಮತ್ತು ಘಾನಾದ ಮಾಹಿತಿಯನ್ನೂ ಸೇರಿಸಿ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ಅವಳಿಗೆ ಬಂದ ಬಂಡವಾಳ ಗಂಡನ ವ್ಯಾಪಾರಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಅವಳದೊಂದೇ ಉದ್ದಿಮೆ ಇದ್ದ ಕಡೆ ಅವಳ ಲಾಭವೂ ಚೆನ್ನಾಗಿಯೇ ಏರಿತ್ತು. ಸಂಘದ ಸಾಲ ಹೆಂಡತಿಯ ಹೆಸರಲ್ಲಿ, ಅದರಿಂದ ಕೊಂಡ ಟಂಟಂ ಗಂಡನ ಹೆಸರಲ್ಲಿ ಇರುವುದನ್ನು ಕಂಡ ನಮಗೆ ಇದು ಹೊಸ ವಿಷಯವೇನಲ್ಲ.

ಒಟ್ಟು ಮನೆಗೆ ಒಳ್ಳೆಯದಾದರೆ ಸಾಲದೇ, ಅವನ ಅಂಗಡಿ ಬೇರೆ, ಅವಳ ಅಂಗಡಿ ಬೇರೆ ಎಂದೇಕೆ ಎಣಿಸಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ, ಹೆಚ್ಚು ಲಾಭವಿರುವ ಕಡೆ ಹಣ ಹೂಡುವುದು ಜಾಣತನವೂ ಹೌದು. ಆದರೆ ಕಂತು ಕಟ್ಟುವವಳು ಅವಳು, ಆಸ್ತಿ ಅವನದು ಎಂದಾದಾಗ ಗಂಡ ತೀರಿಹೋದರೆ ಅಥವಾ ಬಿಟ್ಟುಹೋದರೆ ಅವಳ ಪಾಲಿಗೆ ಸಾಲವೊಂದೇ ಉಳಿಯುವ ಭಯವಿದೆ. ಮೊದಲ ಬಂಡವಾಳ ತವರಿನ ಬಳೆಯಿಂದ ಬಂದದ್ದು, ಲೆಕ್ಕ ಬರೆದುಕೊಟ್ಟವನು ಗಂಡ, ಮಗುವನ್ನು ನೋಡಿಕೊಂಡವರು ಅತ್ತೆ ಎಂಬ ಮಾತೂ ಎಷ್ಟೋ ಮನೆಗಳ ಮಟ್ಟಿಗೆ ನಿಜ. ಕುಟುಂಬದ ಕೈಯಲ್ಲಿ ಅಷ್ಟು ಬಲವಿದೆ ಎಂಬುದಕ್ಕೆ ಅದೇ ಸಾಕ್ಷಿ. ವ್ಯಾಪಾರ ಚಿಕ್ಕದಾಗಿರಲಿ ಎಂದು ಹೆಂಗಸರೇ ಬಯಸುತ್ತಾರೆ ಎನ್ನುವುದನ್ನು ಮಾತ್ರ ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಮಗುವನ್ನು ಬಿಡಲು ಜಾಗವಿಲ್ಲದವಳ ಬಯಕೆಯನ್ನು ಬಯಕೆ ಎನ್ನುವುದು ಹೇಗೆ? ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರ ತೆರೆದಿರುವ ‘ಕೂಸಿನ ಮನೆ’ಯಂಥ ಶಿಶುಪಾಲನಾ ಕೇಂದ್ರಗಳು ಸಂತೆ, ಮಾರುಕಟ್ಟೆಗಳ ಪಕ್ಕದಲ್ಲೂ ಬರಲಿ, ಆಮೇಲೆ ಅವಳನ್ನು ಕೇಳೋಣ.

ಅಷ್ಟರವರೆಗೆ ಮನೆಯವರು ಮಾಡಬಹುದಾದದ್ದು ಬಹಳವಿದೆ. ಅವಳ ವ್ಯಾಪಾರಕ್ಕೆ ಬೇರೆ ಪಾಸ್‌ಬುಕ್ ಮಾಡಿಸಿ. ಅದರಿಂದ ತೆಗೆದ ಹಣವನ್ನು ಕೈಸಾಲವೆಂದೇ ಬರೆದಿಟ್ಟು ಮರಳಿ ಕಟ್ಟಿ. ಅವಳ ದುಡ್ಡಿನಲ್ಲಿ ಕೊಂಡ ಗಾಡಿ, ಕಟ್ಟಿದ ಅಂಗಡಿ ಅವಳ ಹೆಸರಿನಲ್ಲೇ ಇರಲಿ.