ಬಾಲನಟರ ಮರುಪ್ರವೇಶ: ವ್ಯಾಪಾರಸ್ಥರಿಗೊಂದು ಪಾಠ

ಸವಣೂರಿನ ವೀಳ್ಯದೆಲೆ ಎಷ್ಟೇ ಹೆಸರುವಾಸಿಯಾದರೂ ಬಾಡಿದ ಎಲೆಗೆ ಬೆಲೆಯಿಲ್ಲ. ಚಿತ್ರರಂಗದಲ್ಲಿ ಎಳೆಯ ವಯಸ್ಸಿನಲ್ಲಿ ಗಳಿಸಿದ ಕೀರ್ತಿಯೂ ಇದಕ್ಕೆ ಹೊರತಲ್ಲ.

'ಬೆಟ್ಟದ ಹೂವು' (1985) ಚಿತ್ರದ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ದಿವಂಗತ ಪುನೀತ್ ರಾಜ್‌ಕುಮಾರ್ ಅವರು 1989ರ 'ಪರಶುರಾಮ್' ನಂತರ 13 ವರ್ಷ ತೆರೆಯಿಂದ ದೂರವಿದ್ದರು. 2002ರಲ್ಲಿ 'ಅಪ್ಪು' ಮೂಲಕ ಮರಳಿದಾಗ ಮುಗ್ಧ ಬಾಲಕನ ಹಳೆಯ ವರ್ಚಸ್ಸನ್ನು ನೆಚ್ಚಲಿಲ್ಲ. ನೃತ್ಯ, ಸಾಹಸಗಳಲ್ಲಿ ಪಳಗಿದ ಹೊಸ ನಾಯಕನಾಗಿ ಬಂದರು. 'ಕೊಟ್ರೇಶಿ ಕನಸು' (1994) ಚಿತ್ರಕ್ಕೆ ಅದೇ ಗೌರವಕ್ಕೆ ಪಾತ್ರರಾದ ವಿಜಯ್ ರಾಘವೇಂದ್ರ ಅವರೂ 2002ರಲ್ಲಿಯೇ 'ನಿನಗಾಗಿ' ಚಿತ್ರದ ನಾಯಕರಾಗಿ ಕಾಣಿಸಿಕೊಂಡರು. ಪುನೀತ್ ಅವರಿಗೆ ಮನೆತನದ ಬೆಂಬಲವಿತ್ತೆಂಬುದು ನಿಜ. ಆದರೆ ಅದು ಮೊದಲ ದಿನದ ಪ್ರೇಕ್ಷಕರನ್ನು ತರಬಲ್ಲದೇ ಹೊರತು ನಂತರದ ವಾರಗಳನ್ನಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪೇಟೆಗಳಲ್ಲಿ ತಂದೆಯ ಕಾಲದ ಅಂಗಡಿಯನ್ನೋ ನಿಂತುಹೋದ ಘಟಕವನ್ನೋ ಪುನರಾರಂಭಿಸಲು ಯೋಚಿಸುತ್ತಿರುವ ನಮ್ಮ ಬಾಂಧವರು ಇದನ್ನು ಗಮನಿಸಬೇಕು. ಹಳೆಯ ಫಲಕಕ್ಕೆ ಬಣ್ಣ ಬಳಿಯುವ ಮುನ್ನ ಇಂದಿನ ಗಿರಾಕಿಗೆ ಬೇಕಾದುದೇನೆಂದು ತಿಳಿದು, ಅದಕ್ಕೆ ತಕ್ಕ ಹೊಸ ಕಸುಬುಗಾರಿಕೆ ಕಲಿಯುವುದು ಲೇಸು. ಹಿರಿಯರ ಹೆಸರು ಗಿರಾಕಿಯನ್ನು ಅಂಗಡಿಯ ಹೊಸ್ತಿಲವರೆಗೆ ಕರೆತರಬಹುದು; ಅವನು ಮತ್ತೆ ಬರುವುದು ಸರಕಿನ ಗುಣಕ್ಕಾಗಿ.