ತಾರಸಿ ಸೋಲಾರ್: ಹಾಕಿದ ದುಡ್ಡು ಹುಟ್ಟುವುದು ಯಾವಾಗ?

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಕಡೆ ತಾರಸಿ ಮೇಲೆ ಸೋಲಾರ್ ಹಾಕಿಸಬೇಕೆನ್ನುವವರು ಮೊದಲು ಬಿಸಿಲು ಸಾಕೇ ಎಂದು ಕೇಳುತ್ತಾರೆ. ಬಿಸಿಲು ಧಾರಾಳವಾಗಿದೆ. ಮೊದಲು ತೆಗೆದು ನೋಡಬೇಕಾದ್ದು ಹಳೆಯ ಬೆಸ್ಕಾಂ ಬಿಲ್ಲುಗಳನ್ನು.

ತಿಂಗಳಿಗೆ 400 ಯೂನಿಟ್ ಬಳಸುವ ಮನೆಯ ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಹಾಕಿಸಿದರೆ ತಿಂಗಳಿಗೆ 350 ಯೂನಿಟ್ ಆಸುಪಾಸು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ 25,000 ರೂಪಾಯಿ ಉಳಿತಾಯ. ಖರ್ಚು ಎರಡು ಲಕ್ಷ ಅಂದುಕೊಳ್ಳಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಕಳೆದರೆ ಕೈಯಿಂದ ಹೋಗುವುದು 1,22,000. ಸುಮಾರು ಐದು ವರ್ಷಕ್ಕೆ ಅಸಲು ಕೈಸೇರುತ್ತದೆ.

ಅದೇ ಬೀದಿಯಲ್ಲಿ 150 ಯೂನಿಟ್ ಬಳಸಿ, ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಬಿಲ್ ಪಡೆಯುವ ಮನೆಗೆ ಈ ಲೆಕ್ಕ ಒಗ್ಗುವುದಿಲ್ಲ. ಕಟ್ಟುವ ಬಿಲ್ಲೇ ಇಲ್ಲದಿದ್ದರೆ ಉಳಿಸುವುದೇನು? ಹೆಚ್ಚುವರಿ ಕರೆಂಟನ್ನು ಬೆಸ್ಕಾಂ ಕೊಳ್ಳುತ್ತದೆ ನಿಜ, ಆದರೆ ನಾವು ಕೊಳ್ಳುವುದಕ್ಕಿಂತ ಕಡಿಮೆ ದರಕ್ಕೆ. ಅಂಥವರಿಗೆ ಐದು ವರ್ಷದ ಆಸೆ ತೋರಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ದರವೂ ನಿಂತಲ್ಲಿ ನಿಲ್ಲುವುದಿಲ್ಲ. 2023ರಲ್ಲಿ 100 ಯೂನಿಟ್ ದಾಟಿದ ಮನೆಗೆ ಯೂನಿಟ್ಟಿಗೆ 7 ರೂಪಾಯಿ ಇತ್ತು. 2024ರ ಏಪ್ರಿಲ್‌ನಿಂದ 5.90 ಆಯಿತು. ಗ್ರಾಹಕರಿಗೆ ಸಂತೋಷ, ಆದರೆ ಸೋಲಾರ್ ಹಾಕಿಸಿದವರ ಅಸಲು ಅಷ್ಟು ದೂರ ಹೋಯಿತು. ನಿಗದಿತ ಶುಲ್ಕವಂತೂ ಸೋಲಾರ್ ಇದ್ದರೂ ತಪ್ಪದು.

ಇನ್ನು ನಮ್ಮ 30×40 ಅಡಿ ಸೈಟುಗಳ ತಾರಸಿ. ಕಿಲೋವ್ಯಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಅಲ್ಲಿ ಆಗಲೇ ನೀರಿನ ಟ್ಯಾಂಕು, ಸೋಲಾರ್ ಹೀಟರ್, ಬಟ್ಟೆ ಒಣಹಾಕುವ ತಂತಿ ಕೂತಿರುತ್ತವೆ. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸುವುದರಿಂದ ಒಂದರ ಮೇಲೆ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ದಕ್ಷಿಣದ ಪಕ್ಕದ ಸೈಟಿನಲ್ಲಿ ಹಳೆ ಮನೆಯಿದ್ದರೆ, ನಾಳೆ ಅಲ್ಲಿ ನಾಲ್ಕಂತಸ್ತು ಏಳಬಹುದೆಂದು ಈಗಲೇ ಯೋಚಿಸಿ.

ಬಾಡಿಗೆ ಮನೆಗಳಿರುವ ಕಟ್ಟಡದಲ್ಲಿ ಮೀಟರ್ ಮೂರಿದ್ದರೆ, ಯಾವ ಮೀಟರಿನ ಆರ್‌ಆರ್ ನಂಬರಿಗೆ ಸೋಲಾರ್ ಜೋಡಿಸುತ್ತೀರೆಂದು ಮೊದಲೇ ತೀರ್ಮಾನಿಸಿ. ಬಾಡಿಗೆದಾರರ ಬಿಲ್ ಇಳಿದರೆ ಮಾಲೀಕರ ಅಸಲು ಹುಟ್ಟುವುದಿಲ್ಲ. ಸಬ್ಸಿಡಿ ಬರುವುದು ಮೀಟರ್ ಬದಲಾಗಿ ಸೋಲಾರ್ ಚಾಲೂ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಹಣ ಹೊಂದಿಸಿಕೊಂಡಿರಬೇಕು. ಹತ್ತನೇ ವರ್ಷದ ಹೊತ್ತಿಗೆ ಇನ್ವರ್ಟರ್ ಬದಲಿಸಬೇಕಾದೀತು, ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.